ಮೂರೂವರೆ ಅಡಿ ಹಾವಿಗೆ ಎರಡಡಿ ಪೆಟ್ಟಿಗೆ

ಕಳೆದ ಡಿಸೆಂಬರಿನ ಒಂದು ಭಾನುವಾರ ನಾವು ಮೂವರು ಹಸಿರು ಮಾರ್ಗದ ಮೆಟ್ರೊ ಹತ್ತಿ ತಲಘಟ್ಟಪುರದಲ್ಲಿ ಇಳಿದೆವು. ನಮ್ಮ ಜೊತೆ ಓದಿದ ಗೆಳೆಯನೊಬ್ಬ ಅಲ್ಲಿ ಬಾಡಿಗೆ ರೂಮಿನಲ್ಲಿದ್ದಾನೆ. ಅವನ ಊರು ಕನಕಪುರದ ಕಡೆ, ಮನೆಯಲ್ಲಿ ರೇಷ್ಮೆ ಬೆಳೆಯುತ್ತಾರೆ. "ಬನ್ರೋ, ಒಂದು ಐಟಂ ತೋರಿಸ್ತೀನಿ" ಎಂದು ಫೋನ್ ಮಾಡಿದ್ದ. ಹೊಸ ಬೈಕ್ ತಗೊಂಡಿರಬೇಕು ಅಂದುಕೊಂಡು ಹೋದೆವು. ಅವನು ತೋರಿಸಿದ್ದು ಹಾವು.

ಮೂಲೆಯ ಮೇಜಿನ ಮೇಲೆ ಎರಡಡಿ ಉದ್ದದ ಗಾಜಿನ ಪೆಟ್ಟಿಗೆ ಇತ್ತು. ಮೊದಲು ಅದರಲ್ಲಿ ಮೀನು ಸಾಕುತ್ತಿದ್ದರಂತೆ. ಮೇಲೆ ಕಬ್ಬಿಣದ ಜಾಲರಿ, ಅದರ ಮೇಲೆ ಭಾರಕ್ಕೆ ಎರಡು ದಪ್ಪ ಪುಸ್ತಕ. ಒಳಗೆ ಕಂದು, ಕಪ್ಪು ಬಣ್ಣದ ಒಂದು ಬಾಲ್ ಪೈಥಾನ್. ಕೆಲಸದ ಕಡೆ ಪರಿಚಯದವರೊಬ್ಬರು ಊರು ಬಿಡುವಾಗ ಪೆಟ್ಟಿಗೆ ಸಮೇತ ಇವನ ಕೈಗೆ ಕೊಟ್ಟು ಹೋಗಿದ್ದರು. "ಇಷ್ಟೇ ಸಾಕು, ಇದು ಸೋಂಬೇರಿ ಹಾವು, ಜಾಗ ಕೇಳಲ್ಲ" ಎಂದು ಹೇಳಿದ್ದರಂತೆ.

ಹಾವಿನ ಉದ್ದ ಮೂರೂವರೆ ಅಡಿ. ಜಾಲರಿಗೆ ಉಜ್ಜಿ ಉಜ್ಜಿ ಮೂತಿಯ ತುದಿ ಕೆಂಪಗಾಗಿತ್ತು. ಗೆಳೆಯ ಅದನ್ನು ಕೈಗೆತ್ತಿಕೊಂಡಾಗ ಹೊಟ್ಟೆಯ ಕೆಳಗೆ ನಾಲ್ಕು ಬೆರಳು ಅಗಲದ ಸುಟ್ಟ ಕಲೆ ಕಾಣಿಸಿತು. ಪೆಟ್ಟಿಗೆಯ ಅಡಿಗೆ ಕಾವು ಕೊಡುವ ಹೀಟ್ ಮ್ಯಾಟ್ ಇಟ್ಟು, ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿದ್ದ. ಅದು ಎಷ್ಟು ಬಿಸಿಯಾಗುತ್ತಿದೆ ಎಂದು ನೋಡಲು ರೂಮಿನಲ್ಲಿ ಒಂದು ಥರ್ಮಾಮೀಟರ್ ಕೂಡ ಇರಲಿಲ್ಲ.

ನಮ್ಮ ಗೆಳೆಯ ಕೆಟ್ಟವನಲ್ಲ. ತಾನು ಊಟ ಬಿಟ್ಟರೂ ಹಾವಿಗೆ ಇಲಿ ತರುವುದನ್ನು ಬಿಡುತ್ತಿರಲಿಲ್ಲ. ಅದಕ್ಕೆ ಎಂಥ ಗೂಡು ಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಅವತ್ತಿನಿಂದ ನಾವು ಓದಿ, ವಿಚಾರಿಸಿ, ನಮ್ಮ ನಮ್ಮಲ್ಲೇ ಜಗಳ ಆಡಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

"ಹಳ್ಳಿಯಲ್ಲಿರೋ ನಮಗೆ ಇದ್ಯಾಕಪ್ಪ?" ಎಂದು ನೀವು ಕೇಳಬಹುದು. ನಿಮ್ಮ ಮಗನೋ ತಮ್ಮನೋ ಬೆಂಗಳೂರಿನ ಇಂಥದೇ ರೂಮಿನಲ್ಲಿರಬಹುದು. ಕೊರಳಿಗೆ ಹಾವು ಸುತ್ತಿಕೊಂಡವರ ರೀಲ್ಸು ನಿಮ್ಮ ಮನೆಯ ಹುಡುಗರ ಫೋನಿನಲ್ಲೂ ಓಡುತ್ತಿದೆ. ಸಾಕಲು ಆಗದೆ ಬಿಟ್ಟ ಹಾವು ಕೊನೆಗೆ ಬರುವುದು ಊರಿನ ತೋಟಕ್ಕೆ.

ಇದು ನಮ್ಮ ಹೆಬ್ಬಾವಲ್ಲ

ಮೊದಲು ಹಾವು ಯಾವುದೆಂದು ತಿಳಿಯೋಣ. ಬಾಲ್ ಪೈಥಾನ್ ಹೆಬ್ಬಾವಿನ ಜಾತಿಯೇ, ಆದರೆ ಈ ನಾಡಿನದಲ್ಲ. ಘಾನಾ, ಟೋಗೊ, ಬೆನಿನ್ ಮುಂತಾದ ಪಶ್ಚಿಮ ಆಫ್ರಿಕಾದ ದೇಶಗಳು ಮತ್ತು ಮಧ್ಯ ಆಫ್ರಿಕಾದ ಕೆಲವು ಭಾಗಗಳು ಇದರ ತವರು. ಹೆದರಿದಾಗ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ವಿಷವಿಲ್ಲ. ಬೆಳೆದ ಹಾವು ಸಾಮಾನ್ಯವಾಗಿ ಮೂರರಿಂದ ಐದು ಅಡಿ ಇರುತ್ತದೆ, ಗಂಡಿಗಿಂತ ಹೆಣ್ಣು ದೊಡ್ಡದು. ಚೆನ್ನಾಗಿ ನೋಡಿಕೊಂಡರೆ 20ರಿಂದ 30 ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಒಂದು ಹೆಣ್ಣು ಬಾಲ್ ಪೈಥಾನ್ 2020ರಲ್ಲಿ ಮೊಟ್ಟೆ ಇಟ್ಟು ಸುದ್ದಿಯಾಗಿತ್ತು. ಇಪ್ಪತ್ತೆರಡು ವಯಸ್ಸಿನ ಹುಡುಗ ಇವತ್ತು ಒಂದು ಮರಿ ತಂದರೆ, ಅವನ ಮಕ್ಕಳು ಕಾಲೇಜಿಗೆ ಹೋಗುವ ಹೊತ್ತಿಗೂ ಅದು ಮನೆಯಲ್ಲೇ ಇರುತ್ತದೆ.

ನಮ್ಮ ಕಾಡು, ಹೊಲಗಳಲ್ಲಿ ಕಾಣುವ ಹೆಬ್ಬಾವು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದಕ್ಕೆ ರಕ್ಷಣೆ ಇದೆ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ನಾಗರಹಾವು, ಕೇರೆ, ಮಣ್ಣುಮುಕ್ಕ ಯಾವುದನ್ನೂ ಸಾಕುವಂತಿಲ್ಲ. ಈ ಬರಹದಲ್ಲಿ ಮುಂದೆ ಹೇಳುವ ಯಾವ ಮಾತೂ ನಮ್ಮ ಊರಿನ ಹಾವುಗಳಿಗೆ ಅನ್ವಯಿಸುವುದಿಲ್ಲ.

ಇನ್ನೊಂದು ಮಾತನ್ನು ಮನೆಯವರಿಗೆಲ್ಲ ಓದಿ ಹೇಳಿ. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಎಂದುಕೊಂಡು ಕೈ ಹಾಕಿ ಕಚ್ಚಿಸಿಕೊಂಡವರು ನಮ್ಮ ದೇಶದಲ್ಲಿ ಬಹಳ ಜನ. ಎರಡೂ ದಪ್ಪ, ಎರಡರ ಮೈಮೇಲೂ ಕಂದು ಮಚ್ಚೆ. ಕೊಳಕುಮಂಡಲದ ಬೆನ್ನಿನ ಮೇಲೆ ಸರಪಳಿಯಂತೆ ಸಾಲಾಗಿ ಮಚ್ಚೆಗಳಿರುತ್ತವೆ, ಕೆಣಕಿದರೆ ಕುಕ್ಕರ್ ಕೂಗಿದ ಹಾಗೆ ಜೋರಾಗಿ ಬುಸುಗುಡುತ್ತದೆ. ಹಾಗಂತ ಹತ್ತಿರ ಹೋಗಿ ಮಚ್ಚೆ ಎಣಿಸಲು ಹೋಗಬೇಡಿ, ದೂರವಿರಿ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿತು. ಅಷ್ಟು ದೊಡ್ಡ ಸಮಸ್ಯೆ ಅದು. ರೀಲ್ಸಿನಲ್ಲಿ ಬಾಲ್ ಪೈಥಾನ್ ನೋಡಿ ಧೈರ್ಯ ಬಂದ ಹುಡುಗ ಹೊಲದಲ್ಲಿ ಕೊಳಕುಮಂಡಲಕ್ಕೆ ಕೈ ಹಾಕಬಾರದು.

ಮೊದಲ ಗೂಡು ಸೂಟ್‌ಕೇಸು

ಆಫ್ರಿಕಾದ ಹಾವು ಬೆಂಗಳೂರಿಗೆ ಹೇಗೆ ಬಂತು? ಸಾಕಿದ ಹಾವುಗಳಿಗೇ ಇಲ್ಲಿ ಹುಟ್ಟಿದ ಮರಿಗಳೂ ಇವೆ. ಕಳ್ಳದಾರಿಯಲ್ಲಿ ಬಂದವೂ ಇವೆ.

2023ರ ಜನವರಿಯಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಡಿಆರ್‌ಐ ಅಧಿಕಾರಿಗಳು ಪ್ರಯಾಣಿಕರ ಲಗೇಜಿನಲ್ಲಿ 18 ವಿದೇಶಿ ಪ್ರಾಣಿಗಳನ್ನು ಹಿಡಿದರು. ಅದರ ಜಾಡು ಹಿಡಿದು ಬೆಂಗಳೂರಿನ ಒಂದು ಫಾರ್ಮ್‌ಹೌಸಿಗೆ ಹೋದಾಗ 139 ಪ್ರಾಣಿಗಳು ಸಿಕ್ಕವು. ಅನಕೊಂಡಾ, ಇಗುವಾನಾ, ಬಾಲ್ ಪೈಥಾನ್ ಎಲ್ಲವೂ ಅದರಲ್ಲಿದ್ದವು. ಅವನ್ನು ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಒಪ್ಪಿಸಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಸೂಟ್‌ಕೇಸಿನಲ್ಲಿ 234 ಪ್ರಾಣಿಗಳು ಸಿಕ್ಕವು. ಅದರಲ್ಲಿದ್ದ ಕಾಂಗರೂ ಮರಿ ಉಸಿರುಗಟ್ಟಿ ಸತ್ತಿತ್ತು. ಸೆಪ್ಟೆಂಬರ್‌ನಲ್ಲಿ ಮತ್ತೆ ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳಲ್ಲಿ 78 ಪ್ರಾಣಿಗಳಿದ್ದವು: 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಕಪುಚಿನ್ ಕೋತಿ. ಹಾವುಗಳು ಬದುಕಿದ್ದವು, ಕೋತಿಗಳು ಆರೂ ಸತ್ತಿದ್ದವು.

ಆ 55 ಹಾವುಗಳು ಬೇರೆ ಬೇರೆ ಬಣ್ಣದವು. ಹಳದಿ, ಬಿಳಿ, ಚುಕ್ಕೆಯಿಲ್ಲದ್ದು ಹೀಗೆ ಬಣ್ಣಕ್ಕಾಗಿಯೇ ತಳಿ ಮಾಡಿ ಮಾರುತ್ತಾರೆ. ಬಣ್ಣ ಅಪರೂಪವಾದಷ್ಟೂ ಬೆಲೆ ಹೆಚ್ಚು. ಕೊಳ್ಳುವವರಿದ್ದಾರೆ ಎಂಬ ಕಾರಣಕ್ಕೇ ಇಷ್ಟು ಹಾವುಗಳು ಬಟ್ಟೆಬರೆ ನಡುವೆ ತುರುಕಿಕೊಂಡು ವಿಮಾನ ಹತ್ತುತ್ತಿವೆ.

ಆದ್ದರಿಂದ ನಮ್ಮ ಅಭಿಪ್ರಾಯವನ್ನು ಇಲ್ಲೇ ಹೇಳಿಬಿಡುತ್ತೇವೆ. ಹೊಸದಾಗಿ ಯಾರೂ ಬಾಲ್ ಪೈಥಾನ್ ಕೊಳ್ಳಬೇಡಿ. ಈಗಾಗಲೇ ಮನೆಯಲ್ಲಿರುವ ಹಾವನ್ನು ಬೀದಿಗೆ ಬಿಡಲೂ ಬೇಡಿ. ಅದಕ್ಕೆ ಯೋಗ್ಯವಾದ ಗೂಡು ಕೊಡುವುದು ಸಾಕಿದವರ ಶೋಕಿಗೆ ಬಿಟ್ಟ ವಿಷಯ ಅಲ್ಲ, ಅವರ ಹೊಣೆ.

ಹುಳುಮನೆ ಗೊತ್ತಿದ್ದವರಿಗೆ ಇದು ಕಷ್ಟವಲ್ಲ

ತಲಘಟ್ಟಪುರದಲ್ಲೇ ರಾಜ್ಯದ ರೇಷ್ಮೆ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆ ಇದೆ. ಮುಂದಿನ ಮೆಟ್ರೊ ನಿಲ್ದಾಣದ ಹೆಸರೇ ರೇಷ್ಮೆ ಸಂಸ್ಥೆ. ಅಲ್ಲಿಂದ ಕನಕಪುರ, ರಾಮನಗರದ ತನಕ ಹುಳು ಸಾಕಿ ಬದುಕು ಕಟ್ಟಿಕೊಂಡ ಮನೆಗಳಿವೆ. ಚಾಕಿ ಹುಳುವಿಗೆ 27-28 ಡಿಗ್ರಿ ಕಾವು, ಶೇ 80ರ ಮೇಲೆ ತೇವಾಂಶ ಬೇಕು, ಬಲಿತ ಹುಳುವಿಗೆ 24-25 ಡಿಗ್ರಿ, ಶೇ 70ರ ಆಸುಪಾಸು ಸಾಕು ಎನ್ನುವುದು ಅಲ್ಲಿನ ಹೆಂಗಸರಿಗೂ ಗೊತ್ತು. ಹುಳು ಜ್ವರಕ್ಕೆ ಕೂತಾಗ ಅದನ್ನು ಅಲುಗಿಸಬಾರದು ಎಂದು ಮಕ್ಕಳಿಗೂ ಗೊತ್ತು.

ಇದನ್ನೇ ನಾವು ಗೆಳೆಯನಿಗೆ ಕೇಳಿದೆವು. "ಮಗಾ, ನಿಮ್ಮವ್ವ ಹುಳುಮನೆಯಲ್ಲಿ ಥರ್ಮಾಮೀಟರ್ ಇಲ್ಲದೆ ಒಂದು ಬೆಳೆ ತೆಗೀತಾರಾ?" ಅವನು ಮಾತಾಡಲಿಲ್ಲ.

ಹುಳುವಿಗೆ ಒಂದೇ ಹದ ಸಾಕು, ಇಡೀ ಮನೆಯನ್ನು ಒಂದೇ ಕಾವಿನಲ್ಲಿ ಇಡುತ್ತೇವೆ. ಹಾವಿಗೆ ಎರಡು ಹದ ಬೇಕು. ಅದರ ಮೈ ತಾನಾಗಿ ಬಿಸಿಯಾಗುವುದಿಲ್ಲ. ಬಿಸಿ ಬೇಕಾದಾಗ ಬಿಸಿ ಜಾಗಕ್ಕೆ, ತಂಪು ಬೇಕಾದಾಗ ತಂಪು ಜಾಗಕ್ಕೆ ತಾನೇ ಹರಿದು ಹೋಗುತ್ತದೆ. ಬಾಲ್ ಪೈಥಾನಿನ ಗೂಡಿನ ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರಬೇಕು. ಎರಡಡಿ ಪೆಟ್ಟಿಗೆಯಲ್ಲಿ ಈ ಎರಡು ತುದಿಗಳನ್ನು ಮಾಡುವುದು ಕಷ್ಟ. ಒಂದು ಕಡೆ ಕಾವು ಕೊಟ್ಟರೆ ಎಲ್ಲ ಕಡೆ ಬಿಸಿ, ತೆಗೆದರೆ ಎಲ್ಲ ಕಡೆ ತಣ್ಣಗೆ. ಆದ್ದರಿಂದ ಗೂಡಿನ ಉದ್ದ ಹಾವಿನ ಓಡಾಟಕ್ಕೆ ಎಷ್ಟು ಮುಖ್ಯವೋ ಅದರ ಆರೋಗ್ಯಕ್ಕೂ ಅಷ್ಟೇ ಮುಖ್ಯ.

ಎಷ್ಟು ಉದ್ದ?

ನೆನಪಿಡಬೇಕಾದ್ದು ಒಂದೇ ಲೆಕ್ಕ. ಹಾವು ಉದ್ದಕ್ಕೆ ಚಾಚಿಕೊಂಡರೆ ಗೂಡಿನೊಳಗೆ ಪೂರ್ತಿ ಹಿಡಿಸಬೇಕು. ಬೆಳೆದ ಬಾಲ್ ಪೈಥಾನಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರವನ್ನು ಕನಿಷ್ಠ ಎಂದು ಇಟ್ಟುಕೊಳ್ಳಿ. ಹಾವು ಐದಡಿ ಇದ್ದರೆ ಗೂಡೂ ಐದಡಿ. ಅಳೆಯಲು ಹಾವನ್ನು ಎಳೆಯಬೇಡಿ. ಅದು ಗೋಡೆ ಪಕ್ಕ ಹರಿಯುವಾಗ ಒಂದು ದಾರವನ್ನು ಮೈ ಉದ್ದಕ್ಕೆ ಹಿಡಿದು, ಆಮೇಲೆ ದಾರವನ್ನು ಟೇಪಿಗೆ ಹಿಡಿದರೆ ಸಾಕು.

ಇದಕ್ಕೆ ಎದುರು ವಾದ ಇದೆ, ಅದನ್ನೂ ಹೇಳಬೇಕು. ದೊಡ್ಡ ಸಂಖ್ಯೆಯಲ್ಲಿ ಮರಿ ಮಾಡಿಸುವವರು ಹಾವುಗಳನ್ನು ಕಪಾಟಿನ ಡ್ರಾಯರಿನಂಥ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಒಂದರ ಮೇಲೊಂದು ಇಡುತ್ತಾರೆ. "ಈ ಹಾವು ಬಿಲದಲ್ಲಿ ಇರೋದು. ಸಣ್ಣ ಜಾಗದಲ್ಲೇ ನೆಮ್ಮದಿ. ದೊಡ್ಡ ಪೆಟ್ಟಿಗೆಯಲ್ಲಿ ಬಿಟ್ಟರೆ ಹೆದರಿ ಊಟ ಬಿಡುತ್ತೆ" ಎನ್ನುವುದು ಅವರ ಮಾತು.

ಅದರಲ್ಲಿ ಅರ್ಧ ನಿಜವಿದೆ. ಬಾಲ್ ಪೈಥಾನ್ ಹಗಲೆಲ್ಲ ಇಲಿ, ಹೆಗ್ಗಣಗಳ ಬಿಲದಲ್ಲೋ ಗೆದ್ದಲು ಹುತ್ತದಲ್ಲೋ ಮಲಗಿರುತ್ತದೆ. ಬರಿದಾದ ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟರೆ ಕಂಗಾಲಾಗಿ ಊಟ ಬಿಡುವುದೂ ಉಂಟು. ಆದರೆ ರಾತ್ರಿ ಅದು ಬಿಲ ಬಿಟ್ಟು ಹೊರಡುತ್ತದೆ. ಎಳೆಯ ಹಾವುಗಳೂ ಗಂಡು ಹಾವುಗಳೂ ಮರ ಹತ್ತಿ ಹಕ್ಕಿ ಹಿಡಿಯುವುದನ್ನು ಆಫ್ರಿಕಾದಲ್ಲಿ ಅಧ್ಯಯನ ಮಾಡಿದವರು ಕಂಡಿದ್ದಾರೆ. ನಾವು ಸಂಜೆ ಕೋಳಿಯನ್ನು ಕುಕ್ಕೆ ಕೆಳಗೆ ಮುಚ್ಚುತ್ತೇವೆ, ಕೋಳಿಗೂ ಅಲ್ಲೇ ಭದ್ರ. ಹಾಗಂತ ಹಗಲೂ ರಾತ್ರಿ ಕುಕ್ಕೆಯಲ್ಲೇ ಇಟ್ಟು, ಕೋಳಿಗೆ ಜಾಗ ಬೇಡ ಎಂದು ಯಾರೂ ಹೇಳುವುದಿಲ್ಲ. ಹಾವಿಗೆ ಹೆದರಿಕೆ ಇರುವುದು ಮರೆ ಇಲ್ಲದ ಬಯಲಿಗೆ. ದೊಡ್ಡ ಗೂಡಿನಲ್ಲಿ ಮರೆ ಮಾಡಿಕೊಟ್ಟರೆ ಆ ಹೆದರಿಕೆ ಹೋಗುತ್ತದೆ.

ಆ ಮರೆಗೆ ಅಂಗಡಿಯ ದುಬಾರಿ ಸಾಮಾನು ಬೇಕಿಲ್ಲ. ಮಣ್ಣಿನ ಮಡಕೆಯ ಬಾಯಿ ಕಡೆ ಒಂದು ಕಿಂಡಿ ಮಾಡಿ, ಚೂಪು ಅಂಚನ್ನು ಉಜ್ಜಿ ನಯ ಮಾಡಿ, ಬೋರಲು ಹಾಕಿದರೆ ಆಯಿತು. ಹಾವು ಸುತ್ತಿಕೊಂಡಾಗ ಮೈಗೆ ತಾಗುವಷ್ಟೇ ದೊಡ್ಡದಿರಲಿ. ಬಿಸಿ ತುದಿಯಲ್ಲಿ ಒಂದು, ತಂಪು ತುದಿಯಲ್ಲಿ ಒಂದು, ಎರಡು ಬೇಕೇ ಬೇಕು. ಒಂದೇ ಇದ್ದರೆ ಹಾವು ಭದ್ರತೆಗೋಸ್ಕರ ಬಿಸಿ ಬಿಡುತ್ತದೆ, ಇಲ್ಲವೇ ಬಿಸಿಗೋಸ್ಕರ ಭದ್ರತೆ ಬಿಡುತ್ತದೆ. ಹತ್ತಲು ಒಂದು ಗಟ್ಟಿ ಕೊಂಬೆಯನ್ನು ಅಲುಗಾಡದಂತೆ ಕಟ್ಟಿ. ಉಳಿದ ಜಾಗದಲ್ಲಿ ತೆಂಗಿನ ಚಿಪ್ಪು, ಮರದ ತೊಗಟೆ, ಪ್ಲಾಸ್ಟಿಕ್ ಎಲೆ ಹಾಕಿ ಬಯಲು ಕಾಣದಂತೆ ಮಾಡಿ.

ಗಾಜೋ, ಪ್ಲಾಸ್ಟಿಕ್ಕೋ, ಮರವೋ?

ಮೀನಿನ ಗಾಜಿನ ತೊಟ್ಟಿ ನೀರು ಹಿಡಿಯಲು ಮಾಡಿದ್ದು. ಅದರ ಬಾಗಿಲು ಮೇಲಿರುತ್ತದೆ. ಮೇಲಿನಿಂದ ಬರುವ ಕೈ ಹಾವಿಗೆ ಹದ್ದಿನ ಹಾಗೆ ಕಾಣುತ್ತದೆ, ಪ್ರತಿ ಸಲವೂ ಬೆಚ್ಚುತ್ತದೆ. ಜಾಲರಿ ಮುಚ್ಚಳದಿಂದ ಕಾವೂ ತೇವವೂ ಮೇಲಕ್ಕೆ ಹಾರಿಹೋಗುತ್ತವೆ. ನಾಲ್ಕೂ ಕಡೆ ಗಾಜಾದ್ದರಿಂದ ಮರೆ ಎಂಬುದೇ ಇಲ್ಲ. ತೊಟ್ಟಿ ಉದ್ದವಿದ್ದು ಅದನ್ನೇ ಬಳಸಬೇಕು ಎಂದಾದರೆ ಮೂರು ಕಡೆ ಕಪ್ಪು ಕಾಗದ ಅಂಟಿಸಿ, ಜಾಲರಿಯ ಬಹುಪಾಲು ಮುಚ್ಚಿ, ಗಾಳಿಗೆ ಸ್ವಲ್ಪ ಬಿಡಿ.

ಪ್ಲಾಸ್ಟಿಕ್ ಡಬ್ಬಿ ತೇವವನ್ನು ಚೆನ್ನಾಗಿ ಹಿಡಿಯುತ್ತದೆ, ತೊಳೆಯಲು ಸುಲಭ. ಮರಿ ಹಾವಿಗೆ, ಕಾಯಿಲೆ ಬಿದ್ದ ಹಾವಿಗೆ ಕೆಲವು ತಿಂಗಳು ಸರಿ. ಜೀವಮಾನಕ್ಕೆ ಸಾಲದು.

ನಮ್ಮ ಪ್ರಕಾರ ಒಳ್ಳೆಯದು ಮುಂದೆ ಜಾರುವ ಗಾಜಿನ ಬಾಗಿಲಿರುವ, ಉಳಿದ ಮೂರು ಕಡೆ ಮುಚ್ಚಿದ ಪೆಟ್ಟಿಗೆ. ಪಿವಿಸಿ ಹಲಗೆಯಲ್ಲಿ ಮಾಡಿಸಿದರೆ ತೇವಕ್ಕೆ ಉಬ್ಬುವುದಿಲ್ಲ. ಊರಿನ ಬಡಗಿಯ ಹತ್ತಿರ ಪ್ಲೈವುಡ್‌ನಲ್ಲೂ ಮಾಡಿಸಬಹುದು. ಒಳಗೆ ತೇವ ತಡೆಯುವ ವಾರ್ನಿಷ್ ಹಚ್ಚಿ, ವಾಸನೆ ಪೂರ್ತಿ ಹೋಗುವ ತನಕ ವಾರಗಟ್ಟಲೆ ಒಣಗಿಸಬೇಕು. ಒಂದು ಬದಿಯಲ್ಲಿ ಕೆಳಗೆ, ಎದುರು ಬದಿಯಲ್ಲಿ ಮೇಲೆ ಗಾಳಿ ಕಿಂಡಿ ಬಿಡಿ. ಬೀಗ ಹಾಕಿ. ಪುಸ್ತಕದ ಭಾರಕ್ಕೆ ಹಾವು ನಿಲ್ಲುವುದಿಲ್ಲ. ತಲೆ ತೂರುವಷ್ಟು ಸಂದು ಸಿಕ್ಕರೆ ಮೈಯೂ ತೂರುತ್ತದೆ.

ಒಂದು ಗೂಡಿಗೆ ಒಂದೇ ಹಾವು. "ಒಂಟಿ ಪಾಪ" ಎಂದು ಜೊತೆ ತಂದು ಹಾಕಬೇಡಿ. ಅವು ಜೊತೆ ಬಯಸುವ ಪ್ರಾಣಿಗಳಲ್ಲ. ಒಟ್ಟಿಗೆ ಸುತ್ತಿಕೊಂಡು ಮಲಗಿದ್ದು ಪ್ರೀತಿಯಂತೆ ಕಾಣುತ್ತದೆ, ನಿಜಕ್ಕೂ ಅವು ಒಂದೇ ಬಿಸಿ ಜಾಗಕ್ಕೆ ಪೈಪೋಟಿ ಮಾಡುತ್ತಿರುತ್ತವೆ.

ಕಾವು ಮತ್ತು ಕರೆಂಟು

ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15-16 ಡಿಗ್ರಿಗೆ ಇಳಿಯುತ್ತವೆ. ಈ ಹಾವಿಗೆ ಅದು ತೀರಾ ಚಳಿ. ತಿಂದದ್ದು ಅರಗುವುದಿಲ್ಲ, ಕಫ ಕಟ್ಟಿ ಉಸಿರಾಟದ ಕಾಯಿಲೆ ಬರುತ್ತದೆ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಸೊರಸೊರ ಸದ್ದು ಕಂಡರೆ ತಡ ಮಾಡದೆ ಹಾವುಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋಗಿ.

ಕಾವು ಕೊಡುವುದು ಯಾವುದೇ ಇರಲಿ, ಬಿಸಿ ಹೆಚ್ಚಾದರೆ ತಾನಾಗಿ ನಿಲ್ಲಿಸುವ ಥರ್ಮೋಸ್ಟಾಟ್ ಇಲ್ಲದೆ ಅದನ್ನು ಪ್ಲಗ್ಗಿಗೆ ಹಾಕಬೇಡಿ. ನಮ್ಮ ಗೆಳೆಯನ ಹಾವಿನ ಹೊಟ್ಟೆ ಸುಟ್ಟಿದ್ದು ಇದಿಲ್ಲದ್ದಕ್ಕೇ. ಮೈ ಸುಡುತ್ತಿದ್ದರೂ ಹಾವು ಅಲ್ಲಿಂದ ಏಳದೆ ಇರಬಹುದು, ಅದರ ಮೇಲೆ ಭಾರ ಹಾಕಿ ಕೂರಬೇಡಿ. ಬಲ್ಬು ಅಥವಾ ಸೆರಾಮಿಕ್ ಹೀಟರ್ ಒಳಗಿದ್ದರೆ ಸುತ್ತ ತಂತಿಯ ಬುಟ್ಟಿ ಕಟ್ಟಿ, ಇಲ್ಲದಿದ್ದರೆ ಹಾವು ಅದಕ್ಕೇ ಸುತ್ತಿಕೊಳ್ಳುತ್ತದೆ. ಕರೆಂಟಿನಿಂದ ಬಿಸಿಯಾಗುವ ಕಲ್ಲುಗಳನ್ನು ಮಾರುತ್ತಾರೆ, ಅವು ಬೇಡವೇ ಬೇಡ. ರಾತ್ರಿ ಬೆಳಕು ಬೇಡ, ಕೆಂಪು ಬಲ್ಬೂ ಬೇಡ. ಎರಡು ತುದಿಗೆ ಎರಡು ಥರ್ಮಾಮೀಟರ್ ಇಡಿ.

ಕರೆಂಟ್ ಹೋದರೆ? ಗೂಡಿಗೆ ದಪ್ಪ ಕಂಬಳಿ ಹೊದಿಸಿ, ಗಾಳಿ ಕಿಂಡಿ ಬಿಟ್ಟು. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಒಂದು ತುದಿಯಲ್ಲಿಡಿ. ಕೆಲವು ಗಂಟೆ ತಳ್ಳಬಹುದು.

ಇನ್ನು ತೇವಾಂಶ. ಶೇ 60ರಿಂದ 80 ಬೇಕು. ಬೆಂಗಳೂರಿನ ಬೇಸಿಗೆ ಮಧ್ಯಾಹ್ನದ ಒಣಗಾಳಿಯಲ್ಲಿ ಇದು ತಾನಾಗಿ ಸಿಗುವುದಿಲ್ಲ. ನರ್ಸರಿಯಲ್ಲಿ ಸಿಗುವ ಕೊಕೊಪೀಟನ್ನು ಮೂರು ನಾಲ್ಕು ಬೆರಳು ದಪ್ಪ ಹಾಸಿ. ಅಡಿಯ ಪದರ ತೇವ ಇರಲಿ, ಮೇಲೆ ಒಣಗಿರಲಿ. ಕೆಸರಾದರೆ ಹೊಟ್ಟೆಯ ಚರ್ಮ ಕೊಳೆಯುತ್ತದೆ. ಗೊಬ್ಬರ ಬೆರೆಸಿದ್ದು ಬೇಡ, ವಾಸನೆಯ ಮರದ ಹೊಟ್ಟೂ ಬೇಡ. ಹಾವು ಮುಳುಗಿ ಕೂರುವಷ್ಟು ಅಗಲದ ಭಾರವಾದ ನೀರಿನ ಬಟ್ಟಲಿಡಿ, ದಿನಾ ನೀರು ಬದಲಿಸಿ. ತೇವ ಸರಿಯಿದೆಯೋ ಇಲ್ಲವೋ ಎಂದು ಪೊರೆಯೇ ಹೇಳುತ್ತದೆ. ಸರಿಯಿದ್ದರೆ ತಲೆಯಿಂದ ಬಾಲದ ತನಕ ಕಾಲುಚೀಲ ಬಿಚ್ಚಿದ ಹಾಗೆ ಒಂದೇ ತುಂಡಾಗಿ ಬರುತ್ತದೆ. ಚೂರು ಚೂರಾಗಿ ಬಂದರೆ, ಕಣ್ಣಿನ ಮೇಲೆ ಉಳಿದರೆ ಗೂಡು ಒಣಗಿದೆ ಎಂದರ್ಥ. ಉಳಿದ ಪೊರೆಯನ್ನು ಕೈಯಿಂದ ಕೀಳಬೇಡಿ.

ಬದುಕಿರುವ ಇಲಿಯನ್ನು ಗೂಡಿಗೆ ಬಿಟ್ಟು ಮಲಗಬೇಡಿ. ಹಾವಿಗೆ ಹಸಿವಿಲ್ಲದಿದ್ದರೆ ಇಲಿಯೇ ಹಾವನ್ನು ಕಚ್ಚಿ ಗಾಯ ಮಾಡುತ್ತದೆ.

ಕಾಗದದ ಜೊತೆ ಟೇಪೂ ಬೇಕು

ಕಾನೂನಿನ ಮಾತು. ಬಾಲ್ ಪೈಥಾನ್ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಇಂಥ ವಿದೇಶಿ ಪ್ರಾಣಿ ಇಟ್ಟುಕೊಂಡವರು ತಾವಾಗಿ ತಿಳಿಸಲಿ ಎಂದು ಕೇಂದ್ರ ಸರ್ಕಾರ 2020ರಲ್ಲಿ ಒಂದು ಅವಕಾಶ ಕೊಟ್ಟಿತ್ತು. ಆಮೇಲೆ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಪ್ರಾಣಿಯನ್ನು ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸುವುದು ಕಡ್ಡಾಯ. ಮರಿ ಹುಟ್ಟಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಆದ್ದರಿಂದ "ಫ್ರೀಯಾಗಿ ಕೊಡ್ತೀನಿ, ಇಟ್ಕೋ" ಎಂದು ಯಾರಾದರೂ ಹಾವು ಕೊಟ್ಟರೆ ಮೊದಲು ಕಾಗದ ಕೇಳಿ.

ಗೂಡಿನ ಬಗ್ಗೆ ಕಾನೂನು ಏನನ್ನುತ್ತದೆ? ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ 11ನೇ ಕಲಮಿನಲ್ಲಿ ಒಂದು ಮಾತಿದೆ. ಪ್ರಾಣಿ ಓಡಾಡಲು ಸಾಕಾಗುವಷ್ಟು ಉದ್ದ, ಅಗಲ, ಎತ್ತರ ಇಲ್ಲದ ಪಂಜರದಲ್ಲಿ ಅದನ್ನು ಇಡುವುದು ಕ್ರೌರ್ಯ. ಮನುಷ್ಯನನ್ನು ಬಿಟ್ಟು ಉಳಿದ ಯಾವ ಜೀವಿಯೂ ಆ ಕಾಯ್ದೆಯಲ್ಲಿ ಪ್ರಾಣಿಯೇ, ಹಾವು ಕೂಡ. ಅಂದರೆ ಆರು ದಶಕಗಳ ಹಿಂದೆಯೇ ನಮ್ಮ ಕಾನೂನು ಉದ್ದ ಅಗಲದ ಲೆಕ್ಕ ಕೇಳಿದೆ. ಆದರೆ ಮೊದಲ ಸಲದ ತಪ್ಪಿಗೆ ಅದರಲ್ಲಿ ಬರೆದಿರುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಇವತ್ತು ಆ 50 ರೂಪಾಯಿಗೆ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ಸಿಗುವುದೂ ಕಷ್ಟ.

ಹಳ್ಳಿಗಳಲ್ಲಿ ಹಿಂದೆ ಹಾವಾಡಿಗರು ಬರುತ್ತಿದ್ದರು. ಬುಟ್ಟಿ ತೆರೆದು ನಾಗರಹಾವು ತೋರಿಸಿ, ರಾಗಿ ಭತ್ತ ಇಸಿದುಕೊಂಡು ಹೋಗುತ್ತಿದ್ದರು. ಬಿದಿರ ಬುಟ್ಟಿಯಲ್ಲಿ ಹಾವು ಇಡುವುದು ತಪ್ಪು ಎಂದು ಕಾನೂನು ಹೇಳಿತು, ಅವರ ಕಸುಬು ನಿಂತಿತು. ಹಾವಿನ ದೃಷ್ಟಿಯಿಂದ ಆ ಕಾನೂನು ಸರಿ ಎಂದೇ ನಾವು ಹೇಳುತ್ತೇವೆ. ಹಾಗಿದ್ದರೆ ಹೊಟ್ಟೆಪಾಡಿಗೆ ಬುಟ್ಟಿ ಹೊತ್ತವನಿಗೆ ಒಂದು ನ್ಯಾಯ, ಶೋಕಿಗೆ ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಂಡವನಿಗೆ ಇನ್ನೊಂದು ನ್ಯಾಯ ಆಗಬಾರದು.

ನಾವು ಕೇಳುವುದು ಇಷ್ಟು. ನೋಂದಣಿ ಮಾಡುವಾಗ ಗೂಡಿನ ಅಳತೆ ಮತ್ತು ಫೋಟೊ ಇಲ್ಲದೆ ಪ್ರಮಾಣಪತ್ರ ಕೊಡಬಾರದು. ಯಾವ ಪ್ರಾಣಿಗೆ ಎಷ್ಟು ಜಾಗ, ಎಷ್ಟು ಕಾವು ಎಂದು ಅರಣ್ಯ ಇಲಾಖೆ ಮತ್ತು ಪಶುಸಂಗೋಪನಾ ಇಲಾಖೆ ಸೇರಿ ಕನ್ನಡದಲ್ಲಿ ಒಂದು ಪುಟದ ಹಾಳೆ ಮಾಡಿ ಹಂಚಬೇಕು. ಹುಳು ಸಾಕಣೆಗೆ ಅಂಥ ಕರಪತ್ರಗಳು ನಮ್ಮ ಊರುಗಳ ಗೋಡೆಯಲ್ಲಿ ನೇತಾಡುತ್ತವೆ, ಇದಕ್ಕೂ ಆಗಬಹುದು. ದಂಡದ ಮೊತ್ತವನ್ನು ಇವತ್ತಿನ ಕಾಲಕ್ಕೆ ತರಬೇಕು.

ಇಟ್ಟುಕೊಳ್ಳಲು ಆಗದಿದ್ದರೆ

ತುರಹಳ್ಳಿ ಕಾಡು ತಲಘಟ್ಟಪುರದ ಮಗ್ಗುಲಲ್ಲೇ ಇದೆ. "ರಾತ್ರಿ ತಗೊಂಡು ಹೋಗಿ ಅಲ್ಲಿ ಬಿಟ್ಟರಾಯಿತು" ಎಂದು ನಮ್ಮ ಗೆಳೆಯನೂ ಒಂದು ಸಲ ಯೋಚಿಸಿದ್ದನಂತೆ. ಹಾಗೆ ಮಾಡಬಾರದು. ಚಳಿಗೆ ಆ ಹಾವು ಸಾಯಬಹುದು. ಊರೊಳಗೆ ಬಂದರೆ ಕೊಳಕುಮಂಡಲ ಎಂದು ಜನ ಹೊಡೆಯಬಹುದು. ಬದುಕಿದರೆ ಅದರ ಮೈಯಲ್ಲಿರುವ ಹೊರಗಿನ ರೋಗ, ಉಣ್ಣೆ ನಮ್ಮ ಹಾವುಗಳಿಗೆ ಹತ್ತಬಹುದು. ಅಮೆರಿಕದ ಫ್ಲಾರಿಡಾದಲ್ಲಿ ಸಾಕಿದವರು ಬಿಟ್ಟ, ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಎಂಬ ಜೌಗು ಕಾಡನ್ನೆಲ್ಲ ತುಂಬಿಕೊಂಡು, ಅಲ್ಲಿನ ಮೊಲ, ರಕೂನುಗಳನ್ನು ತಿಂದು ಖಾಲಿ ಮಾಡಿವೆ. ಅದು ಬೇರೆ ಜಾತಿ, ಬಹಳ ದೊಡ್ಡ ಹಾವು. ಆದರೂ ಪಾಠ ಒಂದೇ.

ಇಟ್ಟುಕೊಳ್ಳಲು ಆಗದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಸಹಾಯವಾಣಿ 1926. ನಿಮ್ಮ ಹೊಲದಲ್ಲಿ ಗುರುತಿಲ್ಲದ ಬಣ್ಣದ ಹಾವು ಕಂಡರೂ ಅದೇ ನಂಬರ್. ದೊಣ್ಣೆ ಎತ್ತುವ ಮೊದಲು ದೂರದಿಂದ ಒಂದು ಫೋಟೊ ತೆಗೆಯಿರಿ.

ನಮ್ಮ ಗೆಳೆಯನ ವಿಷಯ. ಸಂಕ್ರಾಂತಿಗೆ ಊರಿಗೆ ಹೋದವನು ಅಲ್ಲಿನ ಬಡಗಿಯ ಹತ್ತಿರ ನಾಲ್ಕಡಿಯ ಪೆಟ್ಟಿಗೆ ಮಾಡಿಸಿಕೊಂಡು, ಟೆಂಪೊದಲ್ಲಿ ಹಾಕಿಕೊಂಡು ಬಂದ. ಹಾವಿನ ವಿಷಯ ಮನೆಯಲ್ಲಿ ಗೊತ್ತಾಗಿ ಅವ್ವ ಚೆನ್ನಾಗಿ ಬೈದರಂತೆ. ಬೈದು ಆದ ಮೇಲೆ ಹುಳುಮನೆಯ ಹಳೆಯ ಥರ್ಮಾಮೀಟರ್ ಒಂದನ್ನು ಬ್ಯಾಗಿಗೆ ಹಾಕಿ ಕಳಿಸಿದರು. ಪೆಟ್ಟಿಗೆ ಬಂದ ಮೇಲೆ ರೂಮಿನಲ್ಲಿ ಅವನ ಹಾಸಿಗೆಗೆ ಜಾಗ ಕಡಿಮೆಯಾಗಿದೆ. ಸುಟ್ಟ ಗಾಯಕ್ಕೆ ಪಶುವೈದ್ಯರ ಮುಲಾಮು ನಡೆಯುತ್ತಿದೆ, ಕಲೆ ಪೂರ್ತಿ ಹೋಗುವುದಿಲ್ಲ ಎಂದಿದ್ದಾರೆ. ಕಾಗದದ ವಿಷಯ ಕೇಳಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಬಂದಿದ್ದಾನೆ, ಅದು ಇನ್ನೂ ಮುಗಿದಿಲ್ಲ.

"ಇನ್ನೊಂದು ತಗೋತೀಯೇನೋ?" ಎಂದು ಮೊನ್ನೆ ಕೇಳಿದೆವು.

"ಇದನ್ನೇ ಇಪ್ಪತ್ತು ವರ್ಷ ನೋಡ್ಕೋಬೇಕು ಮಗಾ. ಮೊದಲೇ ಗೊತ್ತಿದ್ದರೆ ಇದನ್ನೂ ತಗೋತಿರಲಿಲ್ಲ" ಎಂದ.

ನಿಮ್ಮ ಮನೆಯ ಹುಡುಗ ಯಾರಾದರೂ ಹಾವು ತರುತ್ತೇನೆ ಎಂದರೆ ಮೊದಲು ಒಂದು ಟೇಪು ಕೊಟ್ಟು, ರೂಮಿನಲ್ಲಿ ನಾಲ್ಕಡಿಗೆ ಎರಡಡಿ ಜಾಗ ಎಲ್ಲಿದೆ ತೋರಿಸು ಎಂದು ಕೇಳಿ.